ವಿದ್ಯುತ್ ಕ್ಷೇತ್ರ ಮತ್ತು ದ್ರವಸ್ಫಟಿಕದ ವಿನ್ಯಾಸಗಳು: ‘ಹತೋಟಿ’ ಎಂಬ ಮಾತಿನ ಒಂದು ಚಾರಿತ್ರಿಕ ವಿವೇಚನೆ

ವಿಜ್ಞಾನದ ಚರಿತ್ರೆಯನ್ನು ಬರೆಯುವವರು ‘ಮನುಷ್ಯನು ಪ್ರಕೃತಿಯ ಮೇಲೆ ಸಾಧಿಸಿದ ಹತೋಟಿ’ ಎಂಬ ಮಾತನ್ನು ಧಾರಾಳವಾಗಿ ಬಳಸುವುದುಂಟು. ಉಗಿಯಂತ್ರ, ತಂತಿ, ವಿದ್ಯುದ್ದೀಪ ಮೊದಲಾದುವೆಲ್ಲವೂ ಆ ಹತೋಟಿಯ ಮೆಟ್ಟಿಲುಗಳೆಂದು ಪಠ್ಯಪುಸ್ತಕಗಳಲ್ಲಿ ವರ್ಣಿತವಾಗಿವೆ. ಆದರೆ ಒಂದು ವಸ್ತುವನ್ನು ಹತೋಟಿಯಲ್ಲಿಟ್ಟುಕೊಳ್ಳುವುದೆಂದರೆ ನಿಶ್ಚಯವಾಗಿ ಏನು? ವಸ್ತುವು ನಾವು ಹೇಳಿದಂತೆ ಕೇಳುವುದೇ, ಅಥವಾ ತನ್ನ ಸ್ವಭಾವಕ್ಕೆ ಅನುಗುಣವಾಗಿ ನಡೆಯಲು ನಾವು ಅದಕ್ಕೆ ಸಂದರ್ಭವನ್ನು ಒದಗಿಸಿಕೊಡುವುದೇ? ರಾಜರು, ಒಪ್ಪಂದಗಳು, ಯುದ್ಧಗಳು ಇವುಗಳ ಕಾರಣಗಳನ್ನು ವಿಚಾರಿಸುವಾಗಲೂ ಚರಿತ್ರೆಯ ವಿದ್ಯಾರ್ಥಿಗಳಿಗೆ ಎದುರಾಗುವ ಪ್ರಶ್ನೆಯೇ ಇದು. ಪ್ರಸ್ತುತ ಲೇಖನದಲ್ಲಿ ದ್ರವಸ್ಫಟಿಕಗಳಲ್ಲಿ ವಿದ್ಯುತ್ ಕ್ಷೇತ್ರದಿಂದ ಮೂಡುವ ವಿನ್ಯಾಸಗಳ ವೃತ್ತಾಂತವನ್ನು ತೆಗೆದುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸಲು ಯತ್ನಿಸಲಾಗಿದೆ. ಈ ಲೇಖಕನು ಚರಿತ್ರೆಯ ಅಧ್ಯಾಪಕನೇ ಹೊರತು ಭೌತವಿಜ್ಞಾನಿಯಲ್ಲ. ಆದುದರಿಂದ ಗಣಿತವನ್ನು ಬದಿಗಿರಿಸಿ, ಸಂಗತಿಯನ್ನು ಸಾಮಾನ್ಯ ವಾಚಕರಿಗೆ ತಿಳಿಯುವ ಮಾತಿನಲ್ಲಿ ಹೇಳಲಾಗುವುದು.

೧. ದ್ರವವೂ ಹೌದು, ಸ್ಫಟಿಕವೂ ಹೌದು

೧೮೮೮ರಲ್ಲಿ ಪ್ರಾಗ್ ನಗರದಲ್ಲಿ ಫ್ರೀಡ್ರಿಕ್ ರೈನಿಟ್ಜರ್ ಎಂಬ ಸಸ್ಯಶಾಸ್ತ್ರಜ್ಞರು ಕೊಲೆಸ್ಟೆರಿಲ್ ಬೆಂಜೊಯೇಟ್ ಎಂಬ ವಸ್ತುವನ್ನು ಕಾಯಿಸುತ್ತಿದ್ದಾಗ ಒಂದು ವಿಚಿತ್ರವನ್ನು ಕಂಡರು. ಅದು ಸುಮಾರು ೧೪೫ ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗಿ ಮಬ್ಬು ದ್ರವವಾಯಿತು. ಸುಮಾರು ೧೭೮ ಡಿಗ್ರಿಯಲ್ಲಿ ಆ ಮಬ್ಬು ಹರಿದು ತಿಳಿಯಾಯಿತು. ಒಂದೇ ವಸ್ತುವಿಗೆ ಎರಡು ಕರಗುವ ಬಿಂದುಗಳಿರುವುದು ಅಂದಿನ ತಿಳಿವಳಿಕೆಗೆ ಹೊಂದುವಂತಹುದಾಗಿರಲಿಲ್ಲ. ರೈನಿಟ್ಜರರು ಈ ವಿಷಯವನ್ನು ಪತ್ರಮುಖೇನ ಓಟೊ ಲೇಮನ್ ಎಂಬ ಜರ್ಮನ್ ಭೌತವಿಜ್ಞಾನಿಗೆ ತಿಳಿಸಿದರು. ಕಾಯಿಸಬಹುದಾದ ಸೂಕ್ಷ್ಮದರ್ಶಕವನ್ನು ಹೊಂದಿದ್ದ ಲೇಮನ್ನರು ಮಬ್ಬು ದ್ರವವನ್ನು ಪರೀಕ್ಷಿಸಿ, ಅದು ನೀರಿನಂತೆ ಹರಿಯುವುದಾದರೂ ಬೆಳಕಿನ ವಿಷಯದಲ್ಲಿ ಸ್ಫಟಿಕದಂತೆ ವರ್ತಿಸುವುದೆಂಬುದನ್ನು ಗುರುತಿಸಿದರು. ೧೮೮೯ರಲ್ಲಿ ‘ಹರಿಯುವ ಸ್ಫಟಿಕ’ಗಳನ್ನು ಕುರಿತು ಲೇಖನವನ್ನು ಪ್ರಕಟಿಸಿದರು. ಇಂತಹ ವಸ್ತುವಿದೆಯೆಂಬುದನ್ನು ಅನೇಕ ವಿದ್ವಾಂಸರು ಬಹುಕಾಲ ಒಪ್ಪಲಿಲ್ಲ. ೧೯೨೨ರಲ್ಲಿ ಫ್ರಾನ್ಸಿನ ಜಾರ್ಜ್ ಫ್ರೀಡೆಲ್ ಅವರು ಇವುಗಳನ್ನು ನೆಮಾಟಿಕ್, ಸ್ಮೆಕ್ಟಿಕ್, ಕೊಲೆಸ್ಟೆರಿಕ್ ಎಂದು ಮೂರು ವರ್ಗಗಳಾಗಿ ವಿಂಗಡಿಸಿದ ಮೇಲೆ ಈ ವಿಷಯಕ್ಕೆ ಶಾಸ್ತ್ರದ ಸ್ಥಾನ ದೊರೆಯಿತು.

ನಮ್ಮ ವಿಚಾರಕ್ಕೆ ಮುಖ್ಯವಾದುದು ನೆಮಾಟಿಕ್ ವರ್ಗ. ಇದರ ಅಣುಗಳು ಕಡ್ಡಿಯಂತೆ ಉದ್ದವಾದುವು. ಹೊಳೆಯಲ್ಲಿ ತೇಲಿಬಿಟ್ಟ ಬಿದಿರುಗಳನ್ನು ವಾಚಕರು ನೆನೆಯಬಹುದು. ಯಾವ ಬಿದಿರೂ ಒಂದೆಡೆ ನಿಲ್ಲುವುದಿಲ್ಲ. ಒಂದರ ಪಕ್ಕದಿಂದ ಮತ್ತೊಂದು ಜಾರಿಹೋಗುತ್ತದೆ. ಆದರೂ ಎಲ್ಲವೂ ಹೆಚ್ಚುಕಡಿಮೆ ಒಂದೇ ದಿಕ್ಕಿಗೆ ತಲೆಮಾಡಿಕೊಂಡಿರುತ್ತವೆ. ನೆಮಾಟಿಕ್ ದ್ರವದಲ್ಲಿ ಅಣುಗಳ ಸ್ಥಾನಕ್ಕೆ ನಿಯಮವಿಲ್ಲ, ದಿಕ್ಕಿಗೆ ನಿಯಮವಿದೆ. ಈ ಸಾಮಾನ್ಯ ದಿಕ್ಕನ್ನು ಬಾಗಿಸಲು ಅಥವಾ ತಿರುಚಲು ಹೊರಟರೆ ದ್ರವವು ಸ್ವಲ್ಪಮಟ್ಟಿಗೆ ಎದುರು ನಿಲ್ಲುವುದು; ಬಿಟ್ಟೊಡನೆ ಮೊದಲಿನ ಸ್ಥಿತಿಗೆ ಮರಳುವುದು. ಬಗ್ಗಿಸಿದ ಬೆತ್ತಕ್ಕಿರುವ ಈ ಸ್ಥಿತಿಸ್ಥಾಪಕ ಗುಣವು ಹರಿಯುವ ದ್ರವವೊಂದಕ್ಕೂ ಇರುವುದೇ ಮುಂದಿನ ಎಲ್ಲ ಸಂಗತಿಗಳಿಗೂ ಆಧಾರವಾಗಿದೆ.

೨. ಹೊಸ್ತಿಲು

ಎರಡು ಗಾಜಿನ ಹಲಗೆಗಳ ನಡುವೆ, ಕೂದಲಿಗಿಂತಲೂ ತೆಳುವಾದ ಪದರವಾಗಿ, ಈ ದ್ರವವನ್ನು ತುಂಬುತ್ತಾರೆ. ಗಾಜಿನ ಮೈಯನ್ನು ಮೊದಲೇ ಒಂದು ದಿಕ್ಕಿಗೆ ಉಜ್ಜಿಟ್ಟಿದ್ದರೆ ಅದಕ್ಕೆ ತಗಲಿದ ಅಣುಗಳು ಅದೇ ದಿಕ್ಕಿಗೆ ಮಲಗುತ್ತವೆ. ಉಳಿದವು ಅವುಗಳನ್ನು ಅನುಸರಿಸುತ್ತವೆ. ಇಂತಹ ಪದರಕ್ಕೆ ಹೊರಗಿನಿಂದ ಬಲವನ್ನು ಪ್ರಯೋಗಿಸಿದರೆ ಏನಾಗುವುದೆಂಬುದನ್ನು ವ್ಯವಸ್ಥಿತವಾಗಿ ಪರಿಶೀಲಿಸಿದವರಲ್ಲಿ ರಷ್ಯದ ವ್ಸೆವೊಲೊದ್ ಫ್ರೇಡರಿಕ್ಸ್ ಅವರು ಪ್ರಮುಖರು. ೧೯೨೭ರಲ್ಲಿ ರೆಪಿಯೇವಾ ಅವರೊಡನೆ ಪ್ರಕಟಿಸಿದ ಲೇಖನದಲ್ಲಿ ಅವರು ಕಾಂತಕ್ಷೇತ್ರದ ಪರಿಣಾಮವನ್ನು ವಿವರಿಸಿದರು; ಮುಂದೆ ವಿದ್ಯುತ್ ಕ್ಷೇತ್ರದ ವಿಷಯದಲ್ಲಿಯೂ ಕೆಲಸ ಮಾಡಿದರು.

ಅವರು ಕಂಡ ಮುಖ್ಯ ಸಂಗತಿ ಇದು. ಕ್ಷೇತ್ರವನ್ನು ಸ್ವಲ್ಪಸ್ವಲ್ಪವಾಗಿ ಏರಿಸುತ್ತ ಹೋದರೆ ಮೊದಮೊದಲು ಅಣುಗಳು ಅಲುಗಾಡುವುದಿಲ್ಲ. ಒಂದು ನಿರ್ದಿಷ್ಟ ಬೆಲೆಯನ್ನು ದಾಟಿದೊಡನೆ ಪದರದ ನಡುವಿನ ಅಣುಗಳು ತಿರುಗಲು ಆರಂಭಿಸುತ್ತವೆ. ಈ ಬೆಲೆಯನ್ನು ಹೊಸ್ತಿಲು ಎಂದು ಕರೆಯಬಹುದು. ಹೊಸ್ತಿಲಿನ ಈಚೆಗೆ ಗಾಜಿನ ಮೈಯ ಹಿಡಿತ ಮತ್ತು ಸ್ಥಿತಿಸ್ಥಾಪಕತ್ವ ಇವುಗಳ ಕೈ ಮೇಲು. ಆಚೆಗೆ ಕ್ಷೇತ್ರದ ಕೈ ಮೇಲು. ಪದರವು ತೆಳುವಾದಷ್ಟೂ ಹೊಸ್ತಿಲನ್ನು ದಾಟಲು ಪ್ರಬಲವಾದ ಕ್ಷೇತ್ರ ಬೇಕಾಗುವುದು. ವಿದ್ಯುತ್ತಿನ ವಿಷಯದಲ್ಲಿ ಇದರ ಫಲವೇನೆಂದರೆ, ಬೇಕಾಗುವ ವೋಲ್ಟೇಜು ಪದರದ ದಪ್ಪವನ್ನು ಅವಲಂಬಿಸುವುದಿಲ್ಲ; ಅನೇಕ ವಸ್ತುಗಳಿಗೆ ಅದು ಕೆಲವೇ ವೋಲ್ಟುಗಳಷ್ಟು.

ಫ್ರೇಡರಿಕ್ಸರ ಬಾಳು ಸುಖಾಂತವಾಗಲಿಲ್ಲ. ೧೯೩೬ರಲ್ಲಿ ಅವರು ಬಂಧಿತರಾದರು, ೧೯೪೪ರಲ್ಲಿ ತೀರಿಕೊಂಡರು. ಇಂದು ಲೋಕದ ಪ್ರಯೋಗಶಾಲೆಗಳಲ್ಲಿ ‘ಫ್ರೇಡರಿಕ್ಸ್ ಪರಿವರ್ತನೆ’ ಎಂಬ ಹೆಸರು ದಿನನಿತ್ಯವೂ ಉಚ್ಚರಿತವಾಗುತ್ತಿದ್ದರೂ, ತಾವು ಗುರುತಿಸಿದ ಹೊಸ್ತಿಲಿನ ಮೇಲೆ ಒಂದು ಮಹೋದ್ಯಮವೇ ಕಟ್ಟಲ್ಪಡುವುದೆಂಬುದನ್ನು ನೋಡುವ ಭಾಗ್ಯ ಅವರಿಗಿರಲಿಲ್ಲ.

೩. ಹೇಳದೆ ಮೂಡಿದ ಗೆರೆಗಳು

ಇಲ್ಲಿಯವರೆಗೆ ಹೇಳಿದ ಪರಿವರ್ತನೆಯಲ್ಲಿ ಪದರವೆಲ್ಲವೂ ಏಕಪ್ರಕಾರವಾಗಿ ತಿರುಗುವುದು, ಚಿತ್ರವೇನೂ ಮೂಡುವುದಿಲ್ಲ. ವಿನ್ಯಾಸದ ಕಥೆ ಆರಂಭವಾಗುವುದು ಅಮೆರಿಕದ ನ್ಯೂಜೆರ್ಸಿ ಪ್ರಾಂತದ ಪ್ರಿನ್ಸ್‌ಟನ್ನಿನಲ್ಲಿದ್ದ ಆರ್.ಸಿ.ಎ. ಸಂಸ್ಥೆಯ ಪ್ರಯೋಗಶಾಲೆಯಲ್ಲಿ. ಅಲ್ಲಿ ೧೯೬೨ರಲ್ಲಿ ರಿಚರ್ಡ್ ವಿಲಿಯಮ್ಸ್ ಅವರು ಪ್ಯಾರಾ-ಅಜಾಕ್ಸಿಅನಿಸೋಲ್ ಎಂಬ ನೆಮಾಟಿಕ್ ವಸ್ತುವಿನ ಪದರಕ್ಕೆ ವೋಲ್ಟೇಜನ್ನು ಒದಗಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಒಂದಕ್ಕೊಂದು ಸಮಾಂತರವಾದ, ಸಮದೂರದ ಗೆರೆಗಳು ಕಂಡುಬಂದುವು. ಈ ವಸ್ತುವು ಸುಮಾರು ೧೧೮ರಿಂದ ೧೩೫ ಡಿಗ್ರಿಯವರೆಗಿನ ಉಷ್ಣತೆಯಲ್ಲಿ ಮಾತ್ರ ನೆಮಾಟಿಕ್ ಆಗಿರುವುದರಿಂದ ಪ್ರಯೋಗವನ್ನು ಕಾಯಿಸಿಯೇ ಮಾಡಬೇಕಾಗಿತ್ತು. ೧೯೬೩ರಲ್ಲಿ ಪ್ರಕಟವಾದ ಈ ಗೆರೆಗಳಿಗೆ ‘ವಿಲಿಯಮ್ಸ್ ವಲಯಗಳು’ ಎಂಬ ಹೆಸರು ನಿಂತಿತು.

ಹೊರಗಿನಿಂದ ಒದಗಿಸಿದ ಕ್ಷೇತ್ರ ಪದರದ ಎಲ್ಲ ಭಾಗಗಳಲ್ಲಿಯೂ ಒಂದೇ ಸಮನಾಗಿತ್ತು. ಅದರಲ್ಲಿ ಗೆರೆಯೂ ಇರಲಿಲ್ಲ, ಅಂತರವೂ ಇರಲಿಲ್ಲ. ಹೀಗಿರಲಾಗಿ ದ್ರವದಲ್ಲಿ ಗೆರೆಗಳು ಮೂಡಿದ್ದಾದರೂ ಹೇಗೆ? ಈ ಪ್ರಶ್ನೆಗೆ ಉತ್ತರ ಕೊಟ್ಟವರು ಇ. ಎಫ್. ಕಾರ್ ಮತ್ತು ವುಲ್ಫ್‌ಗಾಂಗ್ ಹೆಲ್‌ಫ್ರಿಖ್. ಹೆಲ್‌ಫ್ರಿಖ್ ಅವರ ಲೇಖನ ಪ್ರಕಟವಾದುದು ೧೯೬೯ರಲ್ಲಿ. ಅವರ ವಿವರಣೆಯನ್ನು ಹಂತಹಂತವಾಗಿ ಹೀಗೆ ಹೇಳಬಹುದು.

ಮೊದಲನೆಯದಾಗಿ, ಈ ದ್ರವದಲ್ಲಿ ವಿದ್ಯುದಂಶವನ್ನು ಹೊತ್ತ ಅಯಾನುಗಳು ಅಲ್ಪಸ್ವಲ್ಪ ಇರುತ್ತವೆ. ಅವು ಅಣುಗಳ ಉದ್ದಕ್ಕೆ ಸುಲಭವಾಗಿಯೂ ಅಡ್ಡಕ್ಕೆ ಕಷ್ಟದಿಂದಲೂ ಚಲಿಸುತ್ತವೆ. ಎರಡನೆಯದಾಗಿ, ಉಷ್ಣದ ಅಲುಗಾಟದಿಂದ ಅಣುಗಳ ಸಾಲು ಎಲ್ಲಾದರೂ ಕಿಂಚಿತ್ತು ಬಾಗಿಯೇ ಇರುತ್ತದೆ; ಇಲ್ಲಿ ಮೇಲಕ್ಕೆ, ಅಲ್ಲಿ ಕೆಳಕ್ಕೆ. ಮೇಲಿನಿಂದ ಕೆಳಕ್ಕೆ ಎಳೆಯಲ್ಪಟ್ಟ ಅಯಾನುಗಳು ಬಾಗಿದ ಅಣುಗಳ ಗುಂಟ ಓರೆಯಾಗಿ ಜಾರುತ್ತವೆ. ಇದರಿಂದ ಒಂದೆಡೆ ಧನ ವಿದ್ಯುದಂಶವೂ ಅದರ ಪಕ್ಕದಲ್ಲಿ ಋಣ ವಿದ್ಯುದಂಶವೂ ಕೂಡಿಕೊಳ್ಳುತ್ತವೆ. ಮೂರನೆಯದಾಗಿ, ಹೀಗೆ ಕೂಡಿಕೊಂಡ ವಿದ್ಯುದಂಶವನ್ನು ಕ್ಷೇತ್ರವು ಎಳೆಯುವಾಗ ದ್ರವವೂ ಅದರೊಡನೆ ಸಾಗುತ್ತದೆ. ಒಂದೆಡೆ ಮೇಲಕ್ಕೆ, ಪಕ್ಕದಲ್ಲಿ ಕೆಳಕ್ಕೆ. ನಾಲ್ಕನೆಯದಾಗಿ, ಈ ಹರಿವು ಮೊದಲೇ ಬಾಗಿದ್ದ ಅಣುಗಳನ್ನು ಇನ್ನೂ ಬಾಗಿಸುತ್ತದೆ. ಬಾಗು ಹೆಚ್ಚಿದಷ್ಟೂ ವಿದ್ಯುದಂಶ ಹೆಚ್ಚು ಕೂಡುತ್ತದೆ. ವಿದ್ಯುದಂಶ ಹೆಚ್ಚಿದಷ್ಟೂ ಹರಿವು ಹೆಚ್ಚುತ್ತದೆ. ಹರಿವು ಹೆಚ್ಚಿದಷ್ಟೂ ಬಾಗು ಹೆಚ್ಚುತ್ತದೆ.

ಬಾಗನ್ನು ನೇರಮಾಡಲು ಹವಣಿಸುವ ಸ್ಥಿತಿಸ್ಥಾಪಕ ಬಲವು ಹೊಸ್ತಿಲಿನ ಈಚೆಗೆ ಈ ಚಕ್ರವನ್ನು ತಡೆದು ನಿಲ್ಲಿಸುತ್ತದೆ. ಹೊಸ್ತಿಲನ್ನು ದಾಟಿದ ಮೇಲೆ ಅದರ ಶಕ್ತಿ ಸಾಲುವುದಿಲ್ಲ. ದ್ರವವು ಉದ್ದುದ್ದವಾದ ಸುರುಳಿಗಳಾಗಿ ತಿರುಗಲಾರಂಭಿಸುತ್ತದೆ. ಅಣುಗಳ ಬಾಗು ಬೆಳಕನ್ನು ಮಸೂರದಂತೆ ಒಂದೆಡೆಗೆ ಕೂಡಿಸುವುದರಿಂದ ಈ ಸುರುಳಿಗಳು ಬೆಳಕು ಕತ್ತಲೆಗಳ ಗೆರೆಗಳಾಗಿ ತೋರುತ್ತವೆ. ಒಲೆಯ ಮೇಲಿಟ್ಟ ಎಣ್ಣೆಯ ತೆಳುಪದರವು ಕೆಳಗಿನಿಂದ ಕಾದಾಗ ಮೇಲಕ್ಕೂ ಕೆಳಕ್ಕೂ ಸುತ್ತುವುದನ್ನು ಇದಕ್ಕೆ ಹೋಲಿಸಬಹುದು. ಅಲ್ಲಿ ಕಾರಣ ಉಷ್ಣ, ಇಲ್ಲಿ ವಿದ್ಯುತ್ತು.

೪. ಪ್ರಯೋಗಕಾರನ ಕೈಯಲ್ಲಿರುವುದೇನು?

ಈ ವಿವರಣೆಯಿಂದ ನಮ್ಮ ಮೂಲಪ್ರಶ್ನೆಗೆ ಒಂದು ಬೆಳಕು ದೊರೆಯುತ್ತದೆ. ಗೆರೆಗಳನ್ನು ಎಳೆದದ್ದು ಕ್ಷೇತ್ರವಲ್ಲ, ದ್ರವ. ಕ್ಷೇತ್ರವು ಹಳೆಯ ಸ್ಥಿತಿಯನ್ನು ಉಳಿಯಗೊಡದೆ ಹೊಸ ಸ್ಥಿತಿಗೆ ಅವಕಾಶವನ್ನು ಮಾತ್ರ ಮಾಡಿಕೊಟ್ಟಿತು. ನಮ್ಮ ಶಾಸ್ತ್ರಕಾರರ ಪರಿಭಾಷೆಯಲ್ಲಿ ಹೇಳುವುದಾದರೆ, ದ್ರವದ ಸ್ವಭಾವವು ಉಪಾದಾನವಾಗಿಯೂ ಕ್ಷೇತ್ರವು ನಿಮಿತ್ತವಾಗಿಯೂ ಇಲ್ಲಿ ವರ್ತಿಸುತ್ತವೆ.

ಆದರೂ ಪ್ರಯೋಗಕಾರನು ಬರಿಯ ಪ್ರೇಕ್ಷಕನಲ್ಲ. ಗಾಜನ್ನು ಯಾವ ದಿಕ್ಕಿಗೆ ಉಜ್ಜುವುದೆಂಬುದನ್ನು ಅವನು ನಿರ್ಧರಿಸುತ್ತಾನೆ. ಸಾಧಾರಣವಾಗಿ ಸುರುಳಿಗಳು ಆ ದಿಕ್ಕಿಗೆ ಅಡ್ಡವಾಗಿ ಮಲಗುತ್ತವೆ. ಪದರದ ದಪ್ಪವನ್ನು ಅವನು ನಿರ್ಧರಿಸುತ್ತಾನೆ. ಒಂದೊಂದು ಸುರುಳಿಯ ಅಗಲವು ಸುಮಾರಾಗಿ ಆ ದಪ್ಪದಷ್ಟೇ ಇರುವುದು. ವೋಲ್ಟೇಜು ಅವನ ಕೈಯಲ್ಲಿದೆ. ಹೊಸ್ತಿಲಿನಿಂದ ಮೇಲಕ್ಕೆ ಏರಿಸುತ್ತ ಹೋದರೆ ನೇರವಾದ ಸುರುಳಿಗಳು ಅಂಕುಡೊಂಕಾಗಿ, ಜಾಲರಿಯಾಗಿ, ಕೊನೆಗೆ ಯಾವ ಕ್ರಮವೂ ಇಲ್ಲದ ಕ್ಷೋಭೆಯಾಗಿ ಮಾರ್ಪಡುತ್ತವೆ.

ಎಲ್ಲಕ್ಕಿಂತ ಸ್ವಾರಸ್ಯವಾದುದು ಪರ್ಯಾಯ ವಿದ್ಯುತ್ತಿನ ಆವೃತ್ತಿ, ಎಂದರೆ ದಿಕ್ಕು ಬದಲಿಸುತ್ತಿರುವ ಕ್ಷೇತ್ರವು ಒಂದು ಸೆಕೆಂಡಿನಲ್ಲಿ ಎಷ್ಟು ಪೂರ್ಣ ಆವರ್ತಗಳನ್ನು ಮುಗಿಸುವುದೆಂಬ ಸಂಖ್ಯೆ. ಕ್ಷೇತ್ರ ದಿಕ್ಕು ಬದಲಿಸಿದರೆ ಹರಿವೂ ಹಿಂದುಮುಂದಾಗಿ ವಿನ್ಯಾಸವು ಅಳಿಸಿಹೋಗಬೇಕಲ್ಲವೇ ಎಂದು ವಾಚಕರಿಗೆ ಸಂದೇಹ ಬರಬಹುದು. ಹಾಗಾಗುವುದಿಲ್ಲ. ಕ್ಷೇತ್ರದ ದಿಕ್ಕು ಬದಲಾದಾಗ ಕೂಡಿಕೊಂಡ ವಿದ್ಯುದಂಶವೂ ಧನವಿದ್ದಲ್ಲಿ ಋಣವಾಗಿ, ಋಣವಿದ್ದಲ್ಲಿ ಧನವಾಗಿ ಬದಲಾಗುತ್ತದೆ. ಎರಡೂ ಒಟ್ಟಿಗೆ ಬದಲಾದುದರಿಂದ ದ್ರವವನ್ನು ತಳ್ಳುವ ಬಲ ಮೊದಲಿನ ದಿಕ್ಕಿನಲ್ಲಿಯೇ ಇರುತ್ತದೆ. ಆದರೆ ಆವೃತ್ತಿಯನ್ನು ಏರಿಸುತ್ತ ಹೋದಂತೆ ಒಂದು ಮಿತಿಯ ಆಚೆಗೆ ಅಯಾನುಗಳಿಗೆ ಓಡಾಡಲು ಹೊತ್ತು ಸಾಲುವುದಿಲ್ಲ. ಆಗ ವಿದ್ಯುದಂಶ ಇದ್ದಲ್ಲೇ ಇದ್ದು, ಅಣುಗಳ ಬಾಗು ಮಾತ್ರ ಹಿಂದಕ್ಕೂ ಮುಂದಕ್ಕೂ ತೂಗಾಡುತ್ತದೆ. ಸುರುಳಿಗಳ ಬದಲಿಗೆ ಇನ್ನೂ ಒತ್ತಾದ, ಬಾಣದ ತುದಿಗಳನ್ನು ಜೋಡಿಸಿದಂತಹ ವಿನ್ಯಾಸ ಕಾಣಿಸಿಕೊಳ್ಳುತ್ತದೆ. ಈ ಎರಡು ಅವಸ್ಥೆಗಳ ಗಣಿತವನ್ನು ೧೯೭೧ರಲ್ಲಿ ಫ್ರಾನ್ಸಿನಲ್ಲಿ ದ್ಯುಬ್ವಾ-ವಿಯೊಲೆಟ್, ದ ಜೆನ್ ಮತ್ತು ಪರೋದಿ ಅವರು ನಿರೂಪಿಸಿದರು. ದ್ರವಕ್ಕೆ ಅಯಾನುಗಳನ್ನು ಹೆಚ್ಚಾಗಿ ಬೆರೆಸಿದರೆ ಆ ಮಿತಿಯನ್ನು ಮೇಲಕ್ಕೆ ಒಯ್ಯಬಹುದು.

ಹೀಗೆ ದಿಕ್ಕು, ಅಗಲ, ಬಗೆ ಈ ಮೂರನ್ನೂ ಪ್ರಯೋಗಕಾರನು ಬೇಕಾದಂತೆ ಆಯ್ದುಕೊಳ್ಳಬಲ್ಲನು. ಆದರೆ ಮೊದಲ ಗೆರೆ ಎಲ್ಲಿ ಮೂಡಬೇಕೆಂಬುದನ್ನು, ಯಾವ ಸುರುಳಿ ಬಲಕ್ಕೆ ಯಾವುದು ಎಡಕ್ಕೆ ತಿರುಗಬೇಕೆಂಬುದನ್ನು ಏಕರೂಪವಾದ ಕ್ಷೇತ್ರವು ನಿರ್ಧರಿಸಲಾರದು. ಅದನ್ನು ನಿರ್ಧರಿಸುವುದು ಮೊದಲಿನ ಆ ಕಿಂಚಿತ್ ಅಲುಗಾಟ. ಅಂಗಳದಲ್ಲಿ ಚುಕ್ಕಿಯಿಡುವವರು ಒಬ್ಬರು, ಎಳೆಯೆಳೆಯುವವರು ಇನ್ನೊಬ್ಬರು ಎಂಬಂತಹ ರಂಗೋಲಿ ಇದು.

೫. ವಿನ್ಯಾಸವನ್ನು ಬಿಟ್ಟು ಗೆದ್ದ ಉದ್ಯಮ

ವಿಲಿಯಮ್ಸರ ಸಹೋದ್ಯೋಗಿ ಜಾರ್ಜ್ ಹೈಲ್‌ಮೈಯರ್ ಅವರು ಈ ದ್ರವಗಳಿಂದ ಅಂಕಿಗಳನ್ನೂ ಚಿತ್ರಗಳನ್ನೂ ತೋರಿಸಬಹುದೆಂದು ಮನಗಂಡರು. ಅವರು ಆಯ್ದುಕೊಂಡುದು ಕ್ರಮಬದ್ಧವಾದ ಗೆರೆಗಳನ್ನಲ್ಲ, ಗೆರೆಗಳಾಚೆಗಿನ ಕ್ಷೋಭೆಯನ್ನು. ಕ್ಷುಬ್ಧವಾದ ದ್ರವವು ಬೆಳಕನ್ನು ಎಲ್ಲ ಕಡೆಗೂ ಚೆದರಿಸಿ ಹಾಲಿನಂತೆ ಬೆಳ್ಳಗೆ ಕಾಣುವುದು. ವೋಲ್ಟೇಜನ್ನು ತೆಗೆದರೆ ತಿಳಿಯಾಗುವುದು. ಬೇಕಾದ ಆಕಾರದ ವಿದ್ಯುದಗ್ರಗಳನ್ನು ಗಾಜಿನ ಮೇಲೆ ಮಾಡಿಕೊಂಡರೆ ಅಂಕಿಗಳನ್ನು ಬರೆಯಬಹುದು, ಅಳಿಸಬಹುದು. ಈ ಸಾಧನವನ್ನು ಆರ್.ಸಿ.ಎ. ಸಂಸ್ಥೆಯು ೧೯೬೮ರ ಮೇ ತಿಂಗಳಲ್ಲಿ ಪತ್ರಕರ್ತರ ಮುಂದಿರಿಸಿತು. ೧೯೬೯ರಲ್ಲಿ ಜರ್ಮನಿಯ ಹಾನ್ಸ್ ಕೆಲ್ಕರ್ ಮತ್ತು ಅವರ ಸಂಗಡಿಗರು ಎಂ.ಬಿ.ಬಿ.ಎ. ಎಂಬ, ಕೊಠಡಿಯ ಉಷ್ಣತೆಯಲ್ಲಿಯೇ ನೆಮಾಟಿಕ್ ಆಗಿರುವ ವಸ್ತುವನ್ನು ಸಿದ್ಧಪಡಿಸಿದುದರಿಂದ ಪ್ರಯೋಗಗಳು ಸುಲಭವಾದುವು. ೧೯೭೩ರಲ್ಲಿ ಜಪಾನಿನ ಷಾರ್ಪ್ ಸಂಸ್ಥೆಯ ಜೇಬುಗಣಕದಲ್ಲಿ ಅಂಕಿಗಳನ್ನು ತೋರಿಸಿದುದು ಈ ಕ್ಷೋಭೆಯೇ.

ಆದರೆ ಈ ಮಾರ್ಗದಲ್ಲಿ ಒಂದು ತೊಡಕಿತ್ತು. ಕ್ಷೋಭೆಗೆ ಅಯಾನುಗಳ ಓಡಾಟ ಅವಶ್ಯಕ. ಅಯಾನುಗಳು ಓಡಾಡಿದರೆ ವಿದ್ಯುತ್ತು ವ್ಯಯವಾಗುವುದು, ದ್ರವವೂ ಕಾಲಕ್ರಮದಲ್ಲಿ ಕೆಡುವುದು. ಸುರುಳಿಗಳ ಕಾರಣವನ್ನು ವಿವರಿಸಿದ ಅದೇ ಹೆಲ್‌ಫ್ರಿಖ್ ಅವರು ಆರ್.ಸಿ.ಎ.ಯನ್ನು ಬಿಟ್ಟು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಹಾಫ್‌ಮನ್-ಲ-ರೋಷ್ ಸಂಸ್ಥೆಯನ್ನು ಸೇರಿ, ಮಾರ್ಟಿನ್ ಶಾಟ್ ಅವರೊಡನೆ ೧೯೭೦ರ ಡಿಸೆಂಬರಿನಲ್ಲಿ ಬೇರೊಂದು ಉಪಾಯಕ್ಕೆ ಸನ್ನದು ಕೋರಿದರು. ೧೯೭೧ರಲ್ಲಿ ಲೇಖನವನ್ನು ಪ್ರಕಟಿಸಿದರು. ಇದರಲ್ಲಿ ಮೇಲಿನ ಗಾಜನ್ನು ಒಂದು ದಿಕ್ಕಿಗೂ ಕೆಳಗಿನದನ್ನು ಅದಕ್ಕೆ ಲಂಬವಾದ ದಿಕ್ಕಿಗೂ ಉಜ್ಜುತ್ತಾರೆ. ನಡುವಿನ ಅಣುಗಳು ೯೦ ಡಿಗ್ರಿ ತಿರುಚಿಕೊಂಡು ನಿಂತು, ಧ್ರುವೀಕೃತ ಬೆಳಕನ್ನೂ ತಮ್ಮೊಡನೆ ತಿರುಗಿಸುತ್ತವೆ. ತಿರುಚಿದ ಪದರಕ್ಕೆ ಈ ಗುಣವಿದೆಯೆಂಬುದನ್ನು ಫ್ರಾನ್ಸಿನ ಶಾರ್ಲ್ ಮೋಗೆನ್ ಅವರು ೧೯೧೧ರಲ್ಲಿಯೇ ಗಮನಿಸಿದ್ದರು. ಕೆಲವು ವೋಲ್ಟುಗಳನ್ನು ಒದಗಿಸಿದರೆ ಅಣುಗಳು ಎದ್ದುನಿಂತು ತಿರುಚು ಬಿಚ್ಚಿಹೋಗುವುದು, ಬೆಳಕು ತಡೆಯಲ್ಪಡುವುದು. ಇಲ್ಲಿ ಅಯಾನುಗಳ ಕೆಲಸವಿಲ್ಲ, ಸುರುಳಿಗಳೂ ಇಲ್ಲ; ಇರುವುದು ಫ್ರೇಡರಿಕ್ಸರ ಹಳೆಯ ಹೊಸ್ತಿಲು ಮಾತ್ರ. ಸಣ್ಣ ಕೋಶವೊಂದರಿಂದ ಬಹುಕಾಲ ನಡೆಯಬಲ್ಲ ಈ ಉಪಾಯವು ಕೈಗಡಿಯಾರಗಳನ್ನೂ ಗಣಕಗಳನ್ನೂ ಬೇಗನೆ ವ್ಯಾಪಿಸಿತು. ಕ್ಷೋಭೆಯ ಉಪಾಯ ಮೂಲೆಗೆ ಸರಿಯಿತು.

ಇದರಲ್ಲಿ ಚರಿತ್ರೆಯ ವಿದ್ಯಾರ್ಥಿಗೆ ಒಂದು ಪಾಠವಿದೆ. ಪರದೆಯ ಚರಿತ್ರೆಯನ್ನು ಸಾಮಾನ್ಯವಾಗಿ ೧೮೮೮ರಿಂದ ಇಂದಿನವರೆಗೆ ಒಂದೇ ನೇರಗೆರೆಯಾಗಿ ಎಳೆಯುವ ರೂಢಿಯಿದೆ. ಆದರೆ ೧೯೬೨ರಲ್ಲಿ ಆ ಗೆರೆಗಳು ಕಾಣಿಸಿಕೊಂಡು ಆಸಕ್ತಿ ಹುಟ್ಟದಿದ್ದರೆ ೧೯೬೮ರ ಸಾಧನ ಬರುತ್ತಿರಲಿಲ್ಲ. ಆ ಸಾಧನದ ಗುಣದೋಷಗಳು ತಿಳಿಯದಿದ್ದರೆ ೧೯೭೦ರ ಉಪಾಯಕ್ಕೆ ಅಷ್ಟು ಬೇಗ ದಾರಿ ತೆರೆಯುತ್ತಿತ್ತೆಂದು ಹೇಳಲಾಗದು. ಆದರೆ ಗೆದ್ದ ಉಪಾಯದಲ್ಲಿ ಆ ಗೆರೆಗಳ ಕುರುಹೇ ಇಲ್ಲ. ಫಲವನ್ನು ಮಾತ್ರ ನೋಡಿ ಬರೆಯುವ ಚರಿತ್ರೆಯಲ್ಲಿ ವಿಲಿಯಮ್ಸರ ಗೆರೆಗಳಿಗೆ ಜಾಗವಿರುವುದಿಲ್ಲ.

೬. ಮೈಸೂರು ಮತ್ತು ಬೆಂಗಳೂರು

ಉದ್ಯಮವು ಕೈಬಿಟ್ಟ ವಿನ್ಯಾಸಗಳನ್ನು ವಿಜ್ಞಾನವು ಕೈಬಿಡಲಿಲ್ಲ. ಆ ಅಧ್ಯಯನದಲ್ಲಿ ನಮ್ಮ ನಾಡಿಗೂ ಪಾಲಿದೆ. ಸರ್ ಸಿ. ವಿ. ರಾಮನ್ನರ ಸೋದರಳಿಯರಾದ ಎಸ್. ಚಂದ್ರಶೇಖರ್ ಅವರು ೧೯೬೧ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಭೌತವಿಜ್ಞಾನ ವಿಭಾಗದ ಮುಖ್ಯಸ್ಥರಾಗಿ ಬಂದು, ಅಲ್ಲಿ ದ್ರವಸ್ಫಟಿಕಗಳ ಸಂಶೋಧನೆಯನ್ನು ಆರಂಭಿಸಿದರು. ೧೯೭೧ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ತೆರಳಿ ಅಲ್ಲಿ ಈ ವಿಷಯದ ಪ್ರಯೋಗಶಾಲೆಯನ್ನು ಕಟ್ಟಿದರು. ೧೯೭೩ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ದ್ರವಸ್ಫಟಿಕಗಳ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ೧೯೭೭ರಲ್ಲಿ ಚಂದ್ರಶೇಖರ್, ಬಿ. ಕೆ. ಸದಾಶಿವ ಮತ್ತು ಕೆ. ಎ. ಸುರೇಶ್ ಅವರು ಕಡ್ಡಿಯಾಕಾರದ ಅಣುಗಳಲ್ಲದೆ ಬಿಲ್ಲೆಯಾಕಾರದ ಅಣುಗಳೂ ದ್ರವಸ್ಫಟಿಕವಾಗಬಲ್ಲುವೆಂದು ತೋರಿಸಿ, ಆ ಲೇಖನವನ್ನು ಬೆಂಗಳೂರಿನಿಂದಲೇ ಹೊರಡುವ ‘ಪ್ರಮಾಣ’ ಪತ್ರಿಕೆಯಲ್ಲಿ ಪ್ರಕಟಿಸಿದರು.

ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದ ಕೆಲಸವೂ ಅಲ್ಲಿ ನಡೆದಿದೆ. ಸುರುಳಿಗಳು ಉಜ್ಜಿದ ದಿಕ್ಕಿಗೆ ಸಾಧಾರಣವಾಗಿ ಅಡ್ಡವಾಗಿರುವುವೆಂದು ಮೇಲೆ ಹೇಳಿತಷ್ಟೆ. ಕೆಲವು ಸಂದರ್ಭಗಳಲ್ಲಿ ಅವು ಹೊಸ್ತಿಲಿನಲ್ಲಿಯೇ ಓರೆಯಾಗಿ ಮೂಡುತ್ತವೆ. ಕಾರ್ ಮತ್ತು ಹೆಲ್‌ಫ್ರಿಖ್ ಅವರ ಸರಳ ವಿವರಣೆ ಇದಕ್ಕೆ ಸಾಲದು. ನೆಮಾಟಿಕ್ ದ್ರವವನ್ನು ಬಾಗಿಸಿದಾಗ ಬಾಗಿನಿಂದಲೇ ಅದರಲ್ಲಿ ವಿದ್ಯುತ್ ಧ್ರುವೀಕರಣ ಹುಟ್ಟುವುದೆಂದು ರಾಬರ್ಟ್ ಮೇಯರ್ ಅವರು ೧೯೬೯ರಲ್ಲಿ ಸೂಚಿಸಿದ್ದರು. ಓರೆ ಸುರುಳಿಗಳಿಗೆ ಈ ಗುಣವೇ ಕಾರಣವಾಗಬಲ್ಲುದೆಂದು ರಾಮನ್ ಸಂಸ್ಥೆಯ ಎನ್. ವಿ. ಮಧುಸೂದನ ಮತ್ತು ಅವರ ಸಹೋದ್ಯೋಗಿಗಳು ೧೯೮೭ರಲ್ಲಿ ತೋರಿಸಿಕೊಟ್ಟರು. ಇತ್ತ ಜಪಾನಿನಲ್ಲಿ, ಹೈಲ್‌ಮೈಯರರು ಅಂಕಿ ತೋರಿಸಲು ಬಳಸಿದ ಕ್ಷೋಭೆಯನ್ನೇ ತೆಗೆದುಕೊಂಡು, ಕ್ರಮರಹಿತವಾದ ಸ್ಥಿತಿಯೊಂದು ಹೇಗೆ ಹರಡುವುದೆಂಬ ಸಾಮಾನ್ಯ ನಿಯಮಗಳನ್ನು ಟಕೆಉಚಿ ಮತ್ತು ಸಾನೊ ಅವರು ೨೦೦೭ರಲ್ಲಿಯೂ ೨೦೧೦ರಲ್ಲಿಯೂ ಪ್ರಕಟವಾದ ಪ್ರಯೋಗಗಳಲ್ಲಿ ಪರೀಕ್ಷಿಸಿದರು. ಮಾರುಕಟ್ಟೆಗೆ ಬೇಡವಾದ ಕ್ಷೋಭೆಯು ಜ್ಞಾನಕ್ಕೆ ಬೇಕಾಯಿತು.

೭. ಉಪಸಂಹಾರ

ಆರಂಭದ ಪ್ರಶ್ನೆಗೆ ಈಗ ಮರಳಬಹುದು. ದ್ರವಸ್ಫಟಿಕದ ಮೇಲೆ ವಿದ್ಯುತ್ ಕ್ಷೇತ್ರಕ್ಕೆ ಇರುವ ಹತೋಟಿಯು ಆಜ್ಞೆಯ ರೂಪದ್ದಲ್ಲ. ಹೊಸ್ತಿಲು ಎಲ್ಲಿದೆಯೆಂದು ತಿಳಿದು, ಅದರ ಈಚೆಗೆ ನಿಲ್ಲಬೇಕೇ ಆಚೆಗೆ ಹೋಗಬೇಕೇ ಎಂಬುದನ್ನು ಆಯ್ದುಕೊಳ್ಳುವುದು. ಆಚೆಗೆ ಹೋದಾಗ ಎಂತಹ ಸಂದರ್ಭದಲ್ಲಿ ಎಂತಹ ವಿನ್ಯಾಸವು ಸಾಧ್ಯವೆಂದು ಅರಿತಿರುವುದು. ಉಳಿದುದನ್ನು ವಸ್ತುವಿನ ಸ್ವಭಾವಕ್ಕೆ ಬಿಡುವುದು. ಇಷ್ಟೇ ಅದರ ಅರ್ಥ. ಚರಿತ್ರೆಯಲ್ಲಿ ಒಬ್ಬ ವ್ಯಕ್ತಿಯನ್ನೋ ಒಂದು ಶಾಸನವನ್ನೋ ಮಹಾಪರಿವರ್ತನೆಗೆ ಕಾರಣವೆಂದು ನಾವು ಬರೆಯುವಾಗಲೂ, ಅದು ಗೆರೆಯನ್ನು ಎಳೆಯಿತೇ ಅಥವಾ ಹೊಸ್ತಿಲನ್ನು ದಾಟಿಸಿತೇ ಎಂಬ ಭೇದವನ್ನು ಗಮನಿಸುವುದು ಒಳ್ಳೆಯದು.

ಇನ್ನೊಂದು ಮಾತು. ಮೈಸೂರು ಮತ್ತು ಬೆಂಗಳೂರುಗಳಲ್ಲಿ ನಡೆದ ಈ ಕೆಲಸದ ಪ್ರಕಟಿತ ಲೇಖನಗಳು ಗ್ರಂಥಾಲಯಗಳಲ್ಲಿ ದೊರೆಯುತ್ತವೆ. ಆದರೆ ಸಫಲವಾದ ಪ್ರಯೋಗಗಳ ಹಿಂದಿದ್ದ ವಿಫಲ ಪ್ರಯೋಗಗಳು ಪ್ರಕಟಿತ ಲೇಖನಗಳಲ್ಲಿ ಕಾಣಸಿಗುವುದು ಅಪರೂಪ. ಅವು ಇರುವುದು ಪ್ರಯೋಗದ ದಿನಚರಿಗಳಲ್ಲಿ, ಕಾಗದಪತ್ರಗಳಲ್ಲಿ, ಆ ಕಾಲವನ್ನು ಕಂಡ ಹಿರಿಯರ ನೆನಪಿನಲ್ಲಿ. ರೈನಿಟ್ಜರರ ಪತ್ರದ ವಿಷಯ ನಮಗೆ ತಿಳಿದಿರುವುದರಿಂದಲೇ ೧೮೮೮ರ ಕಥೆಯನ್ನು ನಾವು ಹೇಳಬಲ್ಲೆವು. ತಾಮ್ರಪಟಗಳನ್ನೂ ಕಡತಗಳನ್ನೂ ಕಾಪಾಡುವ ನಮ್ಮ ಚರಿತ್ರೆಯ ವಿಭಾಗಗಳು ಇಂತಹ ದಿನಚರಿಗಳ ಕಡೆಗೂ ಗಮನ ಕೊಡುವುದು ಅವಶ್ಯಕ. ಇಲ್ಲವಾದರೆ ಗೆದ್ದ ಉಪಾಯದ ಚರಿತ್ರೆ ಮಾತ್ರ ಉಳಿದು, ಅದಕ್ಕೆ ದಾರಿ ತೋರಿದ ಗೆರೆಗಳು ಅಳಿಸಿಹೋಗುವುವು.